ಮಾತಿಗಿಂತ ಮೊದಲು ಚಿತ್ರದ ಕಾರ್ಡು

ವಿಜಯಪುರದಲ್ಲಿ ಆಟಿಸಂ ಇರುವ, ಇನ್ನೂ ಮಾತು ಬಾರದ ಮಕ್ಕಳಿಗೆ ನಾನು ಮೊದಲು ಕಲಿಸುವುದು ಬಣ್ಣ, ಅಂಕಿಗಳನ್ನಲ್ಲ, ಬೇಕಾದ್ದನ್ನು ಕೇಳುವುದನ್ನು. ಕೇಳುವ ದಾರಿ ಗೊತ್ತಿಲ್ಲದ ಮಗು ಚೀರುತ್ತದೆ, ತಲೆ ಬಡಿದುಕೊಳ್ಳುತ್ತದೆ. ಅದನ್ನು ಹಟ ಅನ್ನುವುದು ಅನ್ಯಾಯ. ನಾನು ಅನುಸರಿಸುವುದು 1985ರಲ್ಲಿ ಅಮೆರಿಕದಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್ ರೂಪಿಸಿದ ಪೆಕ್ಸ್ ಪದ್ಧತಿಯನ್ನು. ಇದರಲ್ಲಿ ಮಗು ಚಿತ್ರದ ಕಾರ್ಡು ಕೊಟ್ಟು ತನಗೆ ಬೇಕಾದ್ದನ್ನು ಕೇಳುತ್ತದೆ.

ಮಗುವಿನ ಇಷ್ಟದ ವಸ್ತುವನ್ನು ಬಿಳಿ ಬಟ್ಟೆಯ ಮೇಲಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. 5 ಸೆಂ.ಮೀ. ಚೌಕಕ್ಕೆ ಕತ್ತರಿಸಿ, ಲ್ಯಾಮಿನೇಷನ್ ಮಾಡಿಸಿ, ಹಿಂದೆ ವೆಲ್ಕ್ರೊ ಅಂಟಿಸಿ. ಮೂಲೆಗಳು ಕೈಗೆ ಚುಚ್ಚುತ್ತವೆ, ದುಂಡಗೆ ಕತ್ತರಿಸಿ.

ಶುರುವಿನಲ್ಲಿ ದೊಡ್ಡವರು ಇಬ್ಬರು ಬೇಕೇ ಬೇಕು. ಒಬ್ಬರು ಎದುರಿಗೆ ಶೇಂಗಾ ಉಂಡಿ ಹಿಡಿದು ಕೂರುತ್ತಾರೆ, ಇನ್ನೊಬ್ಬರು ಮಗುವಿನ ಬೆನ್ನ ಹಿಂದೆ. ನಡುವೆ ಒಂದೇ ಕಾರ್ಡು. ಮಗು ಉಂಡಿಗೆ ಕೈ ಚಾಚಿದ ಮೇಲೆ ಹಿಂದಿನವರು ಅದೇ ಕೈ ಹಿಡಿದು ಕಾರ್ಡು ಎತ್ತಿಸಿ ಎದುರಿನವರ ಅಂಗೈಗೆ ಹಾಕಿಸಬೇಕು. ಹಿಂದಿನವರು ತುಟಿ ಬಿಚ್ಚಬಾರದು. ಎದುರಿನವರು ಆ ಕ್ಷಣಕ್ಕೇ "ಉಂಡಿ!" ಎಂದು ಚಿಟಿಕೆಯಷ್ಟು ಕೊಡಬೇಕು. ಇಡೀ ಉಂಡಿ ಕೊಟ್ಟರೆ ಮತ್ತೆ ಕೇಳುವ ಅಗತ್ಯವೇ ಬೀಳುವುದಿಲ್ಲ. ಊಟವಾದ ಕೂಡಲೇ ಕೂತರೂ ಅಷ್ಟೇ.

ಕೈ ಹಿಡಿಯುವುದನ್ನು ಕೊನೆಯಿಂದ ಬಿಡುತ್ತ ಬನ್ನಿ: ಮೊದಲು ಅಂಗೈಗೆ ಹಾಕುವಾಗ, ಆಮೇಲೆ ಕೈ ಚಾಚುವಾಗ, ಕಡೆಗೆ ಕಾರ್ಡು ಎತ್ತುವಾಗ. ತಾನೇ ಕೊಡತೊಡಗಿದ ಮೇಲೆ ಎದುರಿನವರು ಒಂದೊಂದೇ ಹೆಜ್ಜೆ ಹಿಂದೆ ಸರಿದು ಪಕ್ಕದ ಖೋಲಿಗೆ ಹೋಗಬೇಕು. ಎರಡು ಕಾರ್ಡುಗಳಲ್ಲಿ ಆರಿಸುವುದು ಅದರ ಮುಂದಿನ ಮಾತು.

ಹೆಚ್ಚಾಗಿ ಕೆಡುವುದು "ಏನ್ ಬೇಕವಾ, ಹೇಳಲಾ?" ಎನ್ನುವ ಪ್ರೀತಿಯಿಂದಲೇ. ಆಗ ಮಗು ಪ್ರಶ್ನೆ ಕೇಳುವತನಕ ಕಾಯುವುದನ್ನು ಕಲಿಯುತ್ತದೆ. ಎದುರಿನವರು ಅಂಗೈ ಮೊದಲೇ ಚಾಚಿದರೂ ಇದೇ ಗತಿ. ಅವ್ವ ಒಬ್ಬಳೇ ಕೂತರೆ ಕಾರ್ಡು ಅವ್ವನಿಗಷ್ಟೇ ಅಂದುಕೊಳ್ಳುತ್ತದೆ, ಆದ್ದರಿಂದ ಕಾಕಾ, ಆಯಿ ಎಲ್ಲರೂ ಸರದಿ ತಗೊಳ್ಳಬೇಕು. ಸಿಟ್ಟಿಗೆ ಕಾರ್ಡನ್ನು ಕೈಗೆಟುಕದಂತೆ ಎತ್ತಿಡುವುದಂತೂ ಬೇಡವೇ ಬೇಡ, ಅದು ಬಾಯಿ ಕಟ್ಟಿದ ಹಾಗೆ. ಕಾರ್ಡು ಕೊಟ್ಟರೆ ಮಾತು ಬರುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಎಷ್ಟೋ ಮಕ್ಕಳಲ್ಲಿ ಕಾರ್ಡಿನ ಜೊತೆಗೇ ಶಬ್ದ ಬರುತ್ತದೆ.

ತಿನಿಸಿನಷ್ಟೇ ಮುಖ್ಯವಾದದ್ದು "ಸಾಕು" ಕಾರ್ಡು. ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆಗೆ ಹೋಗುವಾಗ ಅದನ್ನು ದಾರಕ್ಕೆ ಪೋಣಿಸಿ ಮಗುವಿನ ಸೊಂಟಕ್ಕೆ ಕಟ್ಟಿ, ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿ. ಆ ಕಾರ್ಡು ನಿಮ್ಮ ಕೈಗೆ ಬಂದ ನಿಮಿಷ ಗದ್ದಲದಿಂದ ಹೊರಗೆ ಕರೆತರಬೇಕು, ಮದ್ದು ಸುಡುವುದು ಅರ್ಧಕ್ಕೆ ಉಳಿದರೂ ಸರಿ. ಒಮ್ಮೆ ತಳ್ಳಿಹಾಕಿದರೆ ಮಗು ಚೀರಾಟಕ್ಕೇ ಮರಳುತ್ತದೆ.

ಕಿರಾಣಿ ಅಂಗಡಿಯವರಿಗೆ ಮೊದಲೇ ಹೇಳಿಡಿ: ಕಾರ್ಡು ತಗೊಳ್ರಿ, ಬಿಸ್ಕೀಟು ಕೊಡ್ರಿ, ಕಾರ್ಡು ವಾಪಸ್ ಕೊಡ್ರಿ. ಹೆಸರು ಕೇಳಿ ಕಾಡಬೇಡ್ರಿ, ಮುಖ ನೋಡು ಅಂತ ಗದ್ದ ಹಿಡಿಯಬೇಡ್ರಿ. ಕೈ ಬಡಿದು ಕುಣಿದರೆ ಕುಣಿಯಲಿ, ಅದು ಅವರ ಖುಷಿ.