ನಾಲ್ಕು ಹುಡುಗಿಯರು ಸೇರಿ ಬ್ಯಾಂಡ್ ಶುರು ಮಾಡೋದು ಹೇಗೆ

ಹಾಸನದ ಸಾಲಗಾಮೆ ರಸ್ತೆಯ ನಮ್ಮ ಮನೆ ಮಹಡಿಯಲ್ಲಿ ಪ್ರತಿ ಭಾನುವಾರ ನಾಲ್ಕು ಹುಡುಗಿಯರು ಸೇರುತ್ತಾರೆ. ಮೊದಲ ದಿನ ಅಕ್ಕನ ಮಗಳು, "ಚಿಕ್ಕಮ್ಮಾ, ಎಲ್ಲಾ ಕಲಿತ ಮೇಲೆ ಬ್ಯಾಂಡ್ ಮಾಡೋಣ ಅಲ್ವಾ?" ಅಂದಳು. "ಬೇಡ, ಇವತ್ತೇ ಮಾಡಿ" ಅಂದೆ. ಅವಳಿಗೆ ದಿ ಸ್ಲಿಟ್ಸ್ ಕಥೆ ಹೇಳಿದೆ. 1976ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಹೆಣ್ಣುಮಕ್ಕಳ ಪಂಕ್ ಬ್ಯಾಂಡ್ ಅದು. ಪಂಕ್ ಅಂದರೆ ಒರಟಾದ, ವೇಗದ ರಾಕ್ ಸಂಗೀತ. ಹಾಡುತ್ತಿದ್ದ ಆರಿ ಅಪ್‌ಗೆ ಆಗ ಬರೀ 14 ವರ್ಷ. ಮರುವರ್ಷವೇ ದಿ ಕ್ಲ್ಯಾಶ್ ಅನ್ನೋ ಇನ್ನೊಂದು ಪಂಕ್ ಬ್ಯಾಂಡ್ ಜೊತೆ ಊರೂರು ಸುತ್ತಿದರು. ನುಡಿಸುತ್ತಾ ನುಡಿಸುತ್ತಾ ಕಲಿತರು.

ಬೇಸ್‌ನಿಂದ, ಅಂದರೆ ದಪ್ಪ ದನಿಯ ಗಿಟಾರ್‌ನಿಂದ ಶುರು ಮಾಡಿ. ದಿ ಸ್ಲಿಟ್ಸ್ ಅವರ 1979ರ 'ಕಟ್' ಆಲ್ಬಂ ಹಾಕಿ, ಟೆಸ್ಸಾ ಪಾಲಿಟ್ ಅವರ ಬೇಸ್ ಮಾತ್ರ ಹಿಡಿಯಲು ನೋಡಿ. ಇಯರ್‌ಫೋನ್ ಬೇಕೇ ಬೇಕು. ಮೊಬೈಲ್ ಸ್ಪೀಕರ್‌ನಲ್ಲಿ ಬೇಸ್ ಸರಿಯಾಗಿ ಕೇಳಿಸಲ್ಲ. ಒಂದು ಸಾಲು ಬಾಯಲ್ಲಿ ಗುನುಗಲು ಬಂದ ಮೇಲೆ ತಂತಿ ಮುಟ್ಟಿ. ಅದನ್ನೇ ಹತ್ತು ನಿಮಿಷ ನಿಲ್ಲಿಸದೆ ನುಡಿಸಿ. ಬೇಸರ ಅನಿಸುತ್ತೆ, ಆದರೂ ಬಿಡಬೇಡಿ. ಉಳಿದವರು ನಿಲ್ಲುವುದು ಇದರ ಮೇಲೆಯೇ.

ಈಗ ಗಿಟಾರ್. ಒಂದು, ಎರಡು, ಮೂರು, ನಾಲ್ಕು ಎಣಿಸಿ. ಎರಡಕ್ಕೂ ನಾಲ್ಕಕ್ಕೂ ಮಾತ್ರ ತಂತಿ ಹೊಡೆಯಿರಿ. ಹೊಡೆದ ತಕ್ಷಣ ಎಡಗೈ ಬೆರಳು ಸಡಿಲ ಬಿಡಿ, ಆದರೆ ತಂತಿಯಿಂದ ಎತ್ತಬೇಡಿ. ನಾದ ಅಲ್ಲೇ ಕತ್ತರಿಸಿ 'ಚಕ್' ಅನ್ನುತ್ತೆ. ಇದು ಜಮೈಕಾದ ರೆಗ್ಗೆ ಸಂಗೀತದ ಹೊಡೆತ. ಪಂಕ್ ಒಳಗೆ ಇದನ್ನು ತಂದದ್ದೇ ನನಗೆ ದಿ ಸ್ಲಿಟ್ಸ್‌ನಲ್ಲಿ ತುಂಬಾ ಇಷ್ಟ. ಪಕ್ಕದ ಮನೆ ಹುಡುಗಿಗೆ ಈ 'ಚಕ್' ಬರಲು ಮೂರು ಭಾನುವಾರ ಹಿಡಿಯಿತು. ಬಂದ ದಿನ ಅವಳ ಮುಖ ನೋಡಬೇಕಿತ್ತು!

ಡ್ರಮ್ಸ್ ಇಲ್ವಾ? ಅದಕ್ಕೆ ಕಾಯಬೇಡಿ. 'ಕಟ್' ಆಲ್ಬಂನ 'ನ್ಯೂಟೌನ್' ಹಾಡಿನಲ್ಲಿ ಬೆಂಕಿಪೊಟ್ಟಣ ಅಲುಗಾಡಿಸಿದ ಸದ್ದು, ಚಮಚ ಬೀಳುವ ಸದ್ದು ಇದೆ. ಅದನ್ನು ರೂಪಿಸಿದವರು ನಿರ್ಮಾಪಕ ಡೆನಿಸ್ ಬೋವೆಲ್. ನಮ್ಮ ಹುಡುಗಿಯರು ಖಾಲಿ ಪೇಂಟ್ ಡಬ್ಬ ಬೋರಲು ಹಾಕಿ, ಸ್ಟೀಲ್ ತಟ್ಟೆಯ ಮೇಲೆ ಚಮಚ ಬೀಳಿಸುತ್ತಾರೆ. ತಟ್ಟೆ ಕೆಳಗೆ ಬಟ್ಟೆ ಮಡಿಸಿಟ್ಟರೆ ಕಿವಿಗೆ ಚುಚ್ಚಲ್ಲ.

ಹಾಡು ಕನ್ನಡದಲ್ಲೇ ಬರೆಯಿರಿ, ನಿಮಗೆ ಸಿಟ್ಟು ಬಂದ ವಿಷಯದ ಮೇಲೆ. ಅಕ್ಕನ ಮಗಳು ಬರೆದದ್ದು "ಎಲ್ಲಿಗೆ ಹೊರಟೆ, ಯಾರ ಜೊತೆ?" ಅಂತ. ದಿನಾ ಕೇಳುವ ಮಾತು ಅದು. ಅವಳು ಅದನ್ನು ಕೂಗಿ ಕೂಗಿ ಹಾಡಿದಾಗ ಕೆಳಗಿನಿಂದ ನಮ್ಮ ಅಮ್ಮ ಮೇಲೆ ಬಂದರು. ಬಾಗಿಲಲ್ಲೇ ನಿಂತು ಪೂರ್ತಿ ಕೇಳಿ, "ಇನ್ನೊಂದು ಸಲ ಹಾಡು" ಅಂದರು.