ನೋವಿದ್ದದ್ದು ಇಳಿಯೋದರಲ್ಲಿ

ಯೋಗ ಅಂದರೆ ಮೈ ಸಡಿಲ ಮಾಡಿಕೊಂಡು ಉಸಿರು ಎಳೆದು ಬಿಡೋದು, ಕೊನೆಗೆ ಹತ್ತು ನಿಮಿಷ ಅಂಗಾತ ಮಲಗಿ ಎದ್ದು ಬರೋದು ಅಂತ ತಿಳಿದಿದ್ದವನು ನಾನು. ವಾರಕ್ಕೆ ನಾಲ್ಕು ದಿನ ಐದೈದು ಕಿಲೋಮೀಟರ್ ಓಡುತ್ತಿದ್ದೆ. ಇದೇನು ಮಹಾ ಅನ್ನುವ ಜಂಬ ಒಳಗೊಳಗೇ ಇತ್ತು. ಮೊದಲ ದಿನದ ತರಗತಿಯಲ್ಲಿ ಅದು ಇಳಿಯಲೂ ಇಲ್ಲ. ಆರು ಸುತ್ತು ಸೂರ್ಯನಮಸ್ಕಾರ, ಎರಡೂ ಬದಿಗೆ ವೀರಭದ್ರಾಸನ, ಇಲ್ಲದ ಕುರ್ಚಿಯ ಮೇಲೆ ಕೂತ ಹಾಗೆ ಹತ್ತು ಉಸಿರು ಉತ್ಕಟಾಸನ, ನಾವಾಸನ, ಆಮೇಲೆ ಶವಾಸನ. ಉತ್ಕಟಾಸನದಲ್ಲಿ ತೊಡೆ ಗಡಗಡ ನಡುಗಿದ್ದು ನಿಜ. ಆದರೆ ಓಡುವಾಗ ಬರುವಂಥ ಏದುಸಿರು ಬರಲೇ ಇಲ್ಲ. ಆರಾಮಾಗಿ ಮನೆಗೆ ನಡೆದುಬಂದೆ.

ಮರುದಿನ ಬೆಳಿಗ್ಗೆ ತಲೆ ಬಾಚಲು ಕೈ ಎತ್ತಿದೆ, ಅರ್ಧಕ್ಕೇ ನಿಂತಿತು. ಅದರ ಮರುದಿನ ಇನ್ನೂ ಜೋರು. ಸೀನು ಬಂದರೆ ಎರಡೂ ಕೈಯಲ್ಲಿ ಪಕ್ಕೆ ಒತ್ತಿ ಹಿಡಿಯಬೇಕು. ಮೆಟ್ಟಿಲು ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವುದು ಆಗುತ್ತಿರಲಿಲ್ಲ. ಕಂಬಿ ಹಿಡಿದು ಏಡಿಯ ಹಾಗೆ ಅಡ್ಡಡ್ಡ ಇಳಿದೆ. ಓಡಿ ಪಳಗಿದ ಕಾಲಿಗೆ ಇದೇನು ಗ್ರಹಚಾರ ಅಂತ ಅರ್ಥವಾಗಲಿಲ್ಲ.

ಮೂರನೇ ದಿನ ಕುಂಟುತ್ತಾ ತರಗತಿಗೆ ಹೋದೆ. ನಮ್ಮ ಟೀಚರ್ ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು.

‘ಎಲ್ಲಿ ನೋವು?’

‘ಎಲ್ಲಾ ಕಡೆ ಮೇಡಂ.’

‘ಎಲ್ಲಾ ಕಡೆ ಅನ್ನಬೇಡಿ. ಕೈ ಇಟ್ಟು ತೋರಿಸಿ.’

ತೊಡೆ, ರೆಟ್ಟೆಯ ಹಿಂಭಾಗ, ಎದೆ, ಪಕ್ಕೆ ಎಲ್ಲವನ್ನೂ ಸವರಿ ತೋರಿಸಿದೆ. ಅವರು ನಕ್ಕರು. ‘ಅಂಗೈ ಇಟ್ಟು ತೋರಿಸುವ ನೋವಾದರೆ ಎರಡು ದಿನ ಕಾಯಿರಿ. ಒಂದೇ ಬೆರಳಿಟ್ಟು ಇಲ್ಲೇ ಅಂತ ತೋರಿಸುವ ನೋವು ಬಂದರೆ ಮಾತ್ರ ಮುಚ್ಚಿಡಬೇಡಿ, ನನಗೆ ಹೇಳಿ.’

ಈ ಮಾತನ್ನು ಆಗ ಅಷ್ಟು ಗಮನವಿಟ್ಟು ಕೇಳಿಸಿಕೊಳ್ಳಲಿಲ್ಲ. ಅದರ ಬೆಲೆ ಆಮೇಲೆ ತೆತ್ತೆ.

ಮೆಟ್ಟಿಲು ಇಳಿಯುವಾಗಲೇ ಯಾಕೆ ನೋವು ಅನ್ನುವುದನ್ನು ಹುಡುಕಿಕೊಂಡು ಹೋದಾಗ ಇಡೀ ಕಥೆ ಬಿಚ್ಚಿಕೊಂಡಿತು. ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಮೈಭಾರ ಹೊತ್ತುಕೊಂಡೇ ಉದ್ದವಾಗುತ್ತಾ ಹೋಗಬೇಕು, ಬ್ರೇಕ್ ಹಿಡಿದ ಹಾಗೆ. ಹೀಗೆ ಎಳೆತಕ್ಕೆ ಸಿಕ್ಕಿ ದುಡಿದಾಗ, ಅದರಲ್ಲೂ ಅಭ್ಯಾಸವಿಲ್ಲದಿದ್ದರೆ, ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹಾನಿಯಾಗುತ್ತದೆ. ರಿಪೇರಿ ಶುರುವಾದಾಗ ಅಲ್ಲಿನ ನರಗಳು ಸೂಕ್ಷ್ಮವಾಗುತ್ತವೆ. ಅದಕ್ಕೇ ಈ ನೋವು ತಡವಾಗಿ ಬರುತ್ತದೆ: 24ರಿಂದ 72 ಗಂಟೆಯೊಳಗೆ ಜೋರಾಗಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಲ್ಯಾಕ್ಟಿಕ್ ಆಸಿಡ್ ಸೇರಿಕೊಂಡಿದೆ ಅಂತ ಓಟದ ಗೆಳೆಯರೆಲ್ಲ ಹೇಳುತ್ತಿದ್ದರು, ನಾನೂ ನಾಲ್ಕು ಜನಕ್ಕೆ ಹೇಳಿದ್ದೆ. ಅದು ವ್ಯಾಯಾಮ ಮುಗಿದ ಒಂದೆರಡು ಗಂಟೆಯಲ್ಲೇ ರಕ್ತದಿಂದ ಇಳಿದುಹೋಗಿರುತ್ತದೆ, ಮೂರನೇ ದಿನದ ನೋವಿಗೂ ಅದಕ್ಕೂ ಸಂಬಂಧವಿಲ್ಲ.

ಈಗ ಸೂರ್ಯನಮಸ್ಕಾರವನ್ನು ನೆನೆಸಿಕೊಳ್ಳಿ. ಅಂಗೈ, ಕಾಲ್ಬೆರಳ ಮೇಲೆ ಹಲಗೆಯಂತೆ ನೆಟ್ಟಗಿರುವ ದಂಡಾಸನದಿಂದ, ಮೊಣಕೈ ಬಗ್ಗಿಸಿ ನೆಲದ ಹತ್ತಿರ ತಗ್ಗಿ ನಿಲ್ಲುವ ಚತುರಂಗಕ್ಕೆ ಇಳಿಯುವ ಆ ಎರಡು ಸೆಕೆಂಡ್! ಪ್ರತಿ ಸುತ್ತಿನಲ್ಲೂ ಮೈಭಾರದ ಬಹುಪಾಲು ರೆಟ್ಟೆಯ ಹಿಂಭಾಗ, ಎದೆ, ಪಕ್ಕೆಯ ಮೇಲೆ ನಿಧಾನವಾಗಿ ಇಳಿಯುತ್ತದೆ. ಓಟದಲ್ಲಿ ನನ್ನ ಕೈಗಳು ಬರೀ ಬೀಸಾಡಿಕೊಂಡಿದ್ದವು. ಕಾಲಿಗೆ ಕೂಡ ಮಂಡಿ ಸ್ವಲ್ಪ ಬಗ್ಗಿಸಿ ಗೊತ್ತೇ ಹೊರತು ಕುರ್ಚಿಯಷ್ಟು ತಗ್ಗಿ ಅಲ್ಲೇ ನಿಲ್ಲುವುದು ಗೊತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಹೇಳುವುದಾದರೆ, ದಮ್ಮಿಗೆ ಓಟವೇ ಕಷ್ಟ. ಸ್ನಾಯುವಿಗೆ ಯೋಗ ಕೊಡುವ ಕಷ್ಟದ ಜಾತಿಯೇ ಬೇರೆ. ವೇಗವಾಗಿ ಮಾಡಿದರೆ ಅದು ಕಾಣುವುದೂ ಇಲ್ಲ, ಚತುರಂಗಕ್ಕೆ ದೊಪ್ಪನೆ ಬಿದ್ದು ಎದ್ದುಬಿಡಬಹುದು. ಮೊದಲ ದಿನ ಕೊನೆಯ ಮೂರು ಸುತ್ತು ನಾನು ಮಾಡಿದ್ದೂ ಅದನ್ನೇ.

ಟೀಚರ್ ಅದನ್ನು ತಿದ್ದಿದ ರೀತಿ ಹೀಗೆ. ಮೊದಲು ಮಂಡಿ ನೆಲಕ್ಕೆ. ಮೊಣಕೈ ಪಕ್ಕೆಗೆ ತಾಗಿಕೊಂಡು ಹಿಂದಕ್ಕೆ ಹೋಗಬೇಕು, ರೆಕ್ಕೆಯಂತೆ ಹೊರಕ್ಕೆ ಹರಡಬಾರದು. ನಾಲ್ಕು ಎಣಿಸುತ್ತಾ ಇಳಿಯಬೇಕು. ಭುಜ ಮೊಣಕೈಯ ಮಟ್ಟಕ್ಕೆ ಬಂದಲ್ಲಿಗೆ ನಿಲ್ಲಬೇಕು, ಅದಕ್ಕಿಂತ ಕೆಳಗೆ ಹೋದರೆ ಭಾರವೆಲ್ಲ ಭುಜದ ಕೀಲಿನ ಮುಂಭಾಗಕ್ಕೆ ಬೀಳುತ್ತದೆ. ಎಲ್ಲಿ ನಿಲ್ಲಬೇಕೆಂದು ನನಗೆ ತಿಳಿಯುತ್ತಲೇ ಇರಲಿಲ್ಲ. ಮನೆಯಲ್ಲಿ ದಪ್ಪ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಎದೆಯ ಕೆಳಗೆ ಇಟ್ಟುಕೊಂಡೆ. ಎದೆ ತಾಗಿದರೆ ಸಾಕು, ಅಲ್ಲಿಗೆ ನಿಲುಗಡೆ. ಮೊದಲ ವಾರ ಮೂರೇ ಸುತ್ತು, ಮಧ್ಯೆ ಒಂದು ದಿನ ರಜೆ. ಎರಡನೇ ವಾರ ಅಷ್ಟನ್ನೇ ಮಾಡಿದಾಗ ನೋವು ಮೊದಲಿನ ಕಾಲು ಭಾಗವೂ ಇರಲಿಲ್ಲ. ಒಮ್ಮೆ ಪೆಟ್ಟು ತಿಂದ ಸ್ನಾಯು ಅದೇ ಕೆಲಸಕ್ಕೆ ಬೇಗ ಒಗ್ಗಿಕೊಳ್ಳುತ್ತದಂತೆ.

ನೋವಿದ್ದ ದಿನಗಳಲ್ಲಿ ಪೂರ್ತಿ ಮಲಗಿಬಿಟ್ಟಾಗ ಎದ್ದ ಮೇಲೆ ಇನ್ನಷ್ಟು ಬಿಗಿ. ಅರ್ಧ ಗಂಟೆ ನಡೆದರೆ ಆ ಹೊತ್ತಿಗಾದರೂ ಸಡಿಲ. ಬಿಸಿನೀರಿನ ಸ್ನಾನ ಹಿತ, ನಿದ್ದೆ ಅದಕ್ಕಿಂತ ಹಿತ. ಎಳೆದು ಎಳೆದು ಸ್ಟ್ರೆಚ್ ಮಾಡಿದರೆ ನೋವು ಬೇಗ ಹೋಗುತ್ತದೆ ಅನ್ನುವುದು ಮಾತ್ರ ನನಗೆ ಸುಳ್ಳಾಯಿತು. ಇನ್ನೊಂದು ಮಾತು: ನೋವು, ಊತ ವಿಪರೀತವಾಗಿ ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿದರೆ ಅದು ಕಾಯುವ ನೋವಲ್ಲ, ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಒಂದೇ ಬೆರಳಿಟ್ಟು ತೋರಿಸುವ ನೋವಿನ ಕಥೆ ಹೇಳಲೇಬೇಕು. ನಾಲ್ಕನೇ ತಿಂಗಳು. ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಪಕ್ಕದವರ ಹಣೆ ಮಂಡಿಗೆ ತಾಗುತ್ತಿತ್ತು, ನನ್ನದು ಒಂದು ಗೇಣು ದೂರ. ಪಾದ ಹಿಡಿದು ಜಗ್ಗಿದೆ. ಕೂತರೆ ನೆಲಕ್ಕೆ ಒತ್ತುತ್ತದಲ್ಲ, ಆ ಮೂಳೆಯ ಹತ್ತಿರ, ಎಡಗಡೆ, ಚುಳ್ ಅಂದಿತು. ಬಿಗಿಯಿದೆ, ಇನ್ನೂ ಎಳೆಯಬೇಕು ಅಂದುಕೊಂಡು ದಿನಾ ಎಳೆದೆ. ಮೂರು ವಾರದಲ್ಲಿ ಕುರ್ಚಿಯ ಮೇಲೆ ಕೂರುವುದೇ ಹಿಂಸೆಯಾಯಿತು. ಟೀಚರ್ ಕೇಳಿದಾಗ ನನ್ನ ಬೆರಳು ತಾನಾಗಿ ಆ ಒಂದು ಜಾಗಕ್ಕೆ ಹೋಯಿತು. ಅವರು ಬೈಯಲಿಲ್ಲ, ಫಿಸಿಯೋಥೆರಪಿಸ್ಟ್ ಹತ್ತಿರ ಕಳಿಸಿದರು. ತೊಡೆಯ ಹಿಂಭಾಗದ ಸ್ನಾಯು ಮೂಳೆಗೆ ಅಂಟಿಕೊಳ್ಳುವ ಕಡೆಯ ಸ್ನಾಯುರಜ್ಜು ಕೆರಳಿತ್ತು. ಎಳೆಯುವುದು ಬಂದ್. ಮುಂದಕ್ಕೆ ಬಾಗುವಾಗೆಲ್ಲ ಮಂಡಿ ಬಗ್ಗಿಸಿಕೊಳ್ಳಬೇಕು, ಅಂಗಾತ ಮಲಗಿ ಸೊಂಟ ಎತ್ತಿ ಹಿಡಿಯುವ ಸೇತುಬಂಧಾಸನದಲ್ಲಿ ಆ ಸ್ನಾಯುವಿಗೆ ಬಲ ಕೊಡಬೇಕು. ವಾಸಿಯಾಗಲು ಐದು ತಿಂಗಳು ಹಿಡಿಯಿತು.

ಪತಂಜಲಿಯ ಯೋಗಸೂತ್ರದಲ್ಲಿ ಆಸನದ ಬಗ್ಗೆ ಇರುವುದು ಮೂರೇ ಸೂತ್ರ. ‘ಸ್ಥಿರಸುಖಮಾಸನಮ್’ ಎಲ್ಲರಿಗೂ ಗೊತ್ತು. ಅದರ ಮುಂದಿನದು ಪ್ರಯತ್ನವನ್ನು ಸಡಿಲ ಬಿಡು ಅನ್ನುತ್ತದೆ. ಜಗ್ಗುವ ಕೈಗೆ ಅದನ್ನು ಹೇಳಿಕೊಡುವುದು ಚತುರಂಗಕ್ಕಿಂತ ಕಷ್ಟವಾಯಿತು ನನಗೆ.

ಮೊನ್ನೆ ಮೊದಲ ಸಲ ಮಂಡಿ ಊರದೆ, ನಾಲ್ಕು ಎಣಿಸಿ, ಹನ್ನೆರಡು ಸುತ್ತು ಇಳಿದೆ. ಇವತ್ತು ತಲೆ ಬಾಚುವಾಗ ಕೈ ಮತ್ತೆ ಅರ್ಧಕ್ಕೆ ನಿಂತಿತು. ರೆಟ್ಟೆ ಮುಟ್ಟಿ ನೋಡಿಕೊಂಡೆ, ಅಂಗೈಯಗಲ ನೋವು. ಬಾಚಣಿಗೆಯನ್ನು ಎಡಗೈಗೆ ಬದಲಾಯಿಸಿದೆ. ಅದೂ ಮೇಲೇಳಲಿಲ್ಲ.