ಮೌಸ್ ಕೆಟ್ಟಿರಲಿಲ್ಲ, ಡಾಂಗಲ್ ಜಾಗ ತಪ್ಪಿತ್ತು

ಊರಿಗೆ ಹೋದಾಗಲೂ ಆಫೀಸ್ ಕೆಲಸ ತಪ್ಪಲ್ಲ. ಅದಕ್ಕೇ ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ವೈರ್‌ಲೆಸ್ ಮೌಸ್, ಅದರ ಸಂಕೇತ ಹಿಡಿಯಲು ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ರಿಸೀವರ್ ಅಂದರೆ ಡಾಂಗಲ್, ಎರಡೂ ಸದಾ ನನ್ನ ಬ್ಯಾಗಿನಲ್ಲಿರುತ್ತೆ. ಕಳೆದ ತಿಂಗಳು ಶಿರಸಿಯ ಮನೆಯಲ್ಲಿ ಕೂತು ಫೋಟೊಗಳನ್ನು ಹಾರ್ಡ್ ಡಿಸ್ಕಿಗೆ ಹಾಕುವಾಗ ಕರ್ಸರ್ ತಡವರಿಸತೊಡಗಿತು. ಎಳೆದರೆ ಒಂದು ಕ್ಷಣ ನಿಂತು, ಆಮೇಲೆ ಪರದೆಯ ಆ ತುದಿಗೆ ಜಿಗಿಯುತ್ತಿತ್ತು.

ಹೊಸ ಸೆಲ್ ಹಾಕಿದೆ. ಕೆಳಗಿನ ಸೆನ್ಸರ್ ಕಿಂಡಿ ಒರೆಸಿದೆ. ಊಹೂಂ. ಬೇರೆ ಮೌಸ್ ತರೋಣ ಅಂತ ಹೊರಟವನಿಗೆ ಒಂದು ಸಂಗತಿ ಕಣ್ಣಿಗೆ ಬಿತ್ತು: ಕಾಪಿ ಮುಗಿದ ಕೂಡಲೇ ಎಲ್ಲ ಸರಿಯಾಗುತ್ತಿತ್ತು!

ಹುಡುಕಿ ಓದಿದಾಗ ಕಾರಣ ಸಿಕ್ಕಿತು. ಯುಎಸ್‌ಬಿ 3.0ರಲ್ಲಿ ಡೇಟಾ ಹರಿಯುವಾಗ ಕನೆಕ್ಟರ್, ಕೇಬಲ್‌ಗಳಿಂದ ರೇಡಿಯೊ ಗದ್ದಲ ಸೋರುತ್ತೆ; ಅದು 2.4 ಗಿಗಾಹರ್ಟ್ಸ್ ತರಂಗಗಳ ಮೇಲೂ ಹರಡುತ್ತೆ. ಡಾಂಗಲ್ ಮೌಸಿನ ಮಾತು ಕೇಳಿಸಿಕೊಳ್ಳುವುದೂ ಅಲ್ಲೇ. ಇಂಟೆಲ್ 2012ರಲ್ಲೇ ಇದನ್ನು ಅಳೆದು ವರದಿ ಪ್ರಕಟಿಸಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಡಾಂಗಲ್, ಡಿಸ್ಕ್ ಎರಡೂ ಅಕ್ಕಪಕ್ಕದ ಯುಎಸ್‌ಬಿ 3.0 ಪೋರ್ಟಿನಲ್ಲಿದ್ದವು, ನಡುವೆ ಒಂದು ಬೆರಳಿನ ಅಂತರವೂ ಇಲ್ಲ.

ಡಾಂಗಲನ್ನು ಬಲಗಡೆಯ ಯುಎಸ್‌ಬಿ 2.0 ಪೋರ್ಟಿಗೆ ಬದಲಿಸಿದೆ. ಮುಕ್ಕಾಲು ಪಾಲು ಸರಿಹೋಯಿತು. ಒಂದಡಿ ಉದ್ದದ ಎಕ್ಸ್‌ಟೆನ್ಶನ್ ಕೇಬಲ್ ಸಿಕ್ಕಿಸಿ ಡಾಂಗಲನ್ನು ಮೌಸಿನ ಪಕ್ಕಕ್ಕೇ ತಂದಿಟ್ಟ ಮೇಲೆ ತಡವರಿಕೆ ಪೂರ್ತಿ ನಿಂತಿತು. ಎಷ್ಟು ನಿರಾಳವಾಯಿತೆಂದರೆ, ಆ ಕೇಬಲ್ ಈಗ ಮೌಸಿನ ಚೀಲದಲ್ಲೇ ಇರುತ್ತೆ.

ಬ್ಲೂಟೂತ್ ಮೌಸ್ ಇರುವವರೂ ಗಮನಿಸಿ, ಅದು ಕೂಡ 2.4 ಗಿಗಾಹರ್ಟ್ಸೇ. ಕರ್ಸರ್ ಎಗರಿದರೆ ಮೊದಲು ಡಿಸ್ಕನ್ನು ದೂರ ಸರಿಸಿ ನೋಡಿ.